ಮುಚ್ಚಳದ ಮೇಲಿನ ಕೈ: ‘ಬಾಡೋ ಮೋಜಾ’ ಪ್ರಕರಣ, ಏಳನೆಯ ಕಂತು

“ಇನ್ನೊಂದ್ಸಲ ಹಾಕು,” ಎಂದೆ.

“ಎಷ್ಟು ಸಲ ಅಕ್ಕಾ? ನನ್ನ ತಲೆ ಒಡೆದು ಹೋಗೋವರೆಗೂ ಹಾಕ್ಲಾ?”

ಮುಥೆಯು ರೇಗಿದಳು. ರೇಗುತ್ತಲೇ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಇಂಜಿನ್ನಿನ ಗುರುಗುಟ್ಟುವಿಕೆ. ಹಿಂದೆಲ್ಲೋ ಒಂದು ಹಾರ್ನು. ಆಮೇಲೆ, ಹೊರಡು ಎಂದು ಡ್ರೈವರಿಗೆ ತಿಳಿಸಲು ಕಂಡಕ್ಟರು ಮಟಾಟು ಮಿನಿಬಸ್ಸಿನ ಮೈಗೆ ಅಂಗೈಯಿಂದ ಬಾರಿಸುವ ಎರಡು ಪೆಟ್ಟು. ಅಷ್ಟೇ. ಇಷ್ಟು ಸದ್ದಿಗೆ ಅವಳ ನಾಲ್ಕು ವರ್ಷದ ಕೆಲಸ ಮಣ್ಣುಪಾಲಾಗಿತ್ತು.

ಕಮಾಂಡೆ ಎಂಬುವನೊಬ್ಬ, ಅವಳ ‘ಬಾಡೋ ಮೋಜಾ’ ಆಟದೊಳಗಿನ ಸದ್ದು ತಾನು ಬೀದಿಯಲ್ಲಿ ನಿಂತು ರೆಕಾರ್ಡ್ ಮಾಡಿದ್ದು, ಅದನ್ನು ಕದ್ದಿದ್ದಾರೆ ಎಂದು ದೂರು ಕೊಟ್ಟಿದ್ದ. ಫೋನಿನ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಒಂದು ಮಾತೂ ಕೇಳದೆ ಆಟವನ್ನು ಕಪಾಟಿನಿಂದ ಕಿತ್ತುಹಾಕಿತ್ತು. ಅವನು ಕೊಟ್ಟಿದ್ದ ರುಯಿರು ಊರಿನ ವಿಳಾಸದಲ್ಲಿ ನಾನು ಕಂಡದ್ದು ಕಾರು ತೊಳೆಯುವ ಜಾಗವನ್ನು, ಕಮಾಂಡೆಯನ್ನಲ್ಲ. ಬೇಡಿ ಬೇಡಿ ಸಾಕಾದ ಮೇಲೆ ಅಂಗಡಿಯವರು ಈ ಬೆಳಿಗ್ಗೆ ಅವನ ‘ಸಾಕ್ಷಿ’ಯನ್ನು, ಅಂದರೆ ಈ ಸದ್ದನ್ನು, ಕಳಿಸಿದ್ದರು. ಅದು ಸುಳ್ಳೆಂದು ಶುಕ್ರವಾರ ಸಂಜೆಯೊಳಗೆ ತೋರಿಸದಿದ್ದರೆ ಆಟ ಮತ್ತೆಂದೂ ಬರುವುದಿಲ್ಲ.

ಇವತ್ತು ಗುರುವಾರ.

“ಇಂಜಿನ್ ನಮ್ದು. ಹಾರ್ನ್ ನಮ್ದು. ನಾನೇ ನಿಂತ್ಕೊಂಡು ರೆಕಾರ್ಡ್ ಮಾಡಿಸಿದ್ದು,” ಎಂದಳು ಮುಥೆಯು. “ನಮ್ಮ ಆಟದಿಂದ ಎತ್ತಿ, ಇದು ನಂದು ಅಂತ ಅವರಿಗೇ ಕೊಟ್ಟಿದಾನೆ. ಅವರು ಅದನ್ನ ನಮಗೇ ತೋರಿಸ್ತಿದಾರೆ!”

“ಅದನ್ನ ಹೇಳಿದ್ರೆ ಸಾಲದು. ಅವನೂ ಅದನ್ನೇ ಹೇಳ್ತಾನೆ, ನೀನು ಅವನ ಹತ್ರ ಎತ್ತಿದ್ದು ಅಂತ. ಯಾವುದು ಮೊದಲು ಅನ್ನೋದಕ್ಕೆ ಏನಿದೆ?”

ಅವಳು ಹಲ್ಲು ಕಡಿದಳು.

ಮಟಾಟು ಅಪಘಾತಗಳ ಸುಳ್ಳು ಕ್ಲೇಮುಗಳನ್ನು ಹಿಡಿದುಕೊಡುವುದೇ ವಿಮಾ ಕಂಪನಿಯಲ್ಲಿ ನನ್ನ ಕೆಲಸವಾಗಿತ್ತು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ನರಳಿದವರು ಸಂಜೆ ಮೈದಾನದಲ್ಲಿ ಚೆಂಡನ್ನು ತಲೆಯಿಂದ ಗುದ್ದುವುದನ್ನು ನೋಡಿದವಳು. ಆದರೆ ಅಲ್ಲಿ ಮುರಿದ ಗಾಜಿರುತ್ತಿತ್ತು, ಟೈರಿನ ಗೆರೆ ಇರುತ್ತಿತ್ತು. ಇಲ್ಲಿ ಮುಟ್ಟಲು ಏನೂ ಇರಲಿಲ್ಲ. ಮುಥೆಯು ಒಪ್ಪಿಸಿದ ಈ ಪತ್ತೆ ಕೆಲಸಕ್ಕೆ ನ್ಯಾಬೊಕೆ ಎಂಬ ನಾನು ಸರಿಯಾದವಳೇ ಎಂದು ನನ್ನನ್ನೇ ಕೇಳಿಕೊಳ್ಳುತ್ತ ಹಲವು ರಾತ್ರಿ ಹೊರಳಾಡಿದ್ದೆ.

ಆಟಗಳು ಅಂಗಡಿಯಿಂದ ಮಾಯವಾಗಲು ಎಷ್ಟೊಂದು ಕಾರಣಗಳಿವೆ ಎಂಬುದನ್ನು ನಾನು ಕಲಿತದ್ದೇ ಈ ಪ್ರಕರಣದಲ್ಲಿ. ಬಳಸಿದ ಹಾಡಿನ ಪರವಾನಗಿ ಮುಗಿದರೆ ತೆಗೆಯುತ್ತಾರೆ. ಕಾರಿನ ಮೂತಿಯ ಮೇಲಿನ ಗುರುತನ್ನು ತೋರಿಸಲು ಕಾರು ಕಂಪನಿ ಕೊಟ್ಟ ಅವಧಿ ಮುಗಿದರೆ ತೆಗೆಯುತ್ತಾರೆ. ಮಾಡಿದವರು ಬಾಗಿಲು ಹಾಕಿಕೊಂಡರೆ, ಕೊಂಡುಕೊಂಡವರಿಗೆ ಬೇಡವಾದರೆ, ಹೊಸ ಫೋನಿನಲ್ಲಿ ಓಡದಿದ್ದರೆ ತೆಗೆಯುತ್ತಾರೆ. ನಾನೂ ಮೊದಲು ಆ ದಾರಿಯಲ್ಲೇ ಹುಡುಕಿದ್ದೆ. ಆಟದ ಮಟಾಟುವಿನಲ್ಲಿ ಕೇಳುವ ರೆಗ್ಗೆ ಹಾಡಿನ ಗಾಯಕನನ್ನು ಹಿಡಿದೆ. ಅವನ ಒಪ್ಪಿಗೆ ಗಟ್ಟಿಯಾಗಿತ್ತು. ಗಾಡಿಯ ಬೆನ್ನಿನ ಮೇಲೆ ಬರೆದಿದ್ದ ಫುಟ್‌ಬಾಲ್ ಕ್ಲಬ್ಬಿನ ಲಾಂಛನವನ್ನು ಮುಥೆಯು ಮೊದಲೇ ಅಳಿಸಿ, ಅಲ್ಲಿ ಒಂದು ಸಿಂಹ ಕೂರಿಸಿದ್ದಳು. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಉಳಿದದ್ದು ಈ ಎರಡು ಪೆಟ್ಟು.

ಲ್ಯಾಪ್‌ಟಾಪ್ ‘ಟಿಂಗ್’ ಎಂದಿತು. ಅಂಗಡಿಯವರ ಉತ್ತರ.

ಮುಥೆಯು ಗಟ್ಟಿಯಾಗಿ ಓದಿದಳು. “‘ನಿಮ್ಮ ತಾಳ್ಮೆಗೆ ಧನ್ಯವಾದಗಳು.’ ನೋಡಕ್ಕಾ! ನಾನು ತಾಳ್ಮೆ ಕೊಟ್ಟೇ ಇಲ್ಲ! ಕೊಡದೇ ಇರೋದಕ್ಕೆ ಯಾಕೆ ಥ್ಯಾಂಕ್ಸ್ ಹೇಳ್ತಾರೆ? ಇದನ್ನ ಬರೆದೋರು ಮನುಷ್ಯರೇನಾ? ಒಂದ್ಸಲ, ಒಂದೇ ಒಂದ್ಸಲ, ಯಾರಾದ್ರೂ ಕಿವಿ ಕೊಟ್ಟು ಎರಡೂ ಸದ್ದು ಕೇಳಿದ್ರಾ?”

“ಮೆತ್ತಗೆ ಮಾತಾಡು...”

“ಯಾಕೆ ಮೆತ್ತಗೆ? ಪುಸ್ತಕ ಆಗಿದ್ರೆ ಹಳೇ ಪೇಪರ್ ಅಂಗಡೀಲಾದ್ರೂ ಒಂದು ಪ್ರತಿ ಸಿಗ್ತಿತ್ತು. ಕುರ್ಚಿ ಮಾಡಿದ್ರೆ ಯಾರ ಮನೇಲಾದ್ರೂ ಇರ್ತಿತ್ತು. ನನ್ನ ಆಟ ಎಲ್ಲಿ ಹುಡುಕ್ಲಿ? ಖಾಲಿ ಕಪಾಟಲ್ಲಿ ನಾಳೆ ಇನ್ಯಾರೋ ಬಂದು ಅದೇ ಹೆಸರಲ್ಲಿ ಕೂತ್ರೆ ಯಾರು ಕೇಳ್ತಾರೆ? ನಾನೇ ಕಳ್ಳಿ ಆಗ್ತೀನಿ! ನನ್ನಮ್ಮನ ಬದುಕನ್ನ ಕದ್ದ ಕಳ್ಳಿ!”

“ಸಾಕು!”

ಒಲೆಯ ಮುಂದಿದ್ದ ಅವಳ ತಾಯಿ ಮ್ಬುಲಾ ಗದರಿದರು. ಗದರುತ್ತಲೇ, ಜೋಳ ಕಾಳು ಬೇಯುತ್ತಿದ್ದ ಸುಫುರಿಯಾ ಪಾತ್ರೆಯ ಮುಚ್ಚಳದ ಮೇಲೆ ಅಂಗೈಯಿಂದ ಎರಡು ಬಾರಿಸಿದರು. ಜಗಳ ನಿಲ್ಲಿಸಲು ಕೈಗೆ ಸಿಕ್ಕಿದ್ದರ ಮೇಲೆ ಬಾರಿಸುವುದು ಅವರ ಹಳೆಯ ಅಭ್ಯಾಸ. ಗಂಡಸರ ಕಸುಬಿನಲ್ಲಿ ಮಟಾಟು ಬಾಗಿಲಿಗೆ ನೇತುಬಿದ್ದು ಬದುಕಿದ ಹೆಂಗಸು ಅವರು. ಆಟದಲ್ಲಿ ಹಸಿರು ತಲೆವಸ್ತ್ರ ಕಟ್ಟಿಕೊಂಡು ಗಾಡಿ ತುಂಬಿಸುವ, ಚಿಲ್ಲರೆ ಎಣಿಸುವ, ಪೊಲೀಸರನ್ನು ಕಂಡರೆ ಸಂದಿಗೆ ತಿರುಗಿಸುವ ಕಂಡಕ್ಟರಮ್ಮ ಇವರೇ. ‘ಬಾಡೋ ಮೋಜಾ!’, ಇನ್ನೊಂದೇ ಸೀಟು ಬಾಕಿ, ಎಂದು ಗಾಡಿ ಪೂರ್ತಿ ಖಾಲಿಯಿದ್ದಾಗಲೂ ಕೂಗುವುದನ್ನು ಉಮೋಜಾ ಬಡಾವಣೆಗೆ ಕಲಿಸಿದ್ದೂ ಇವರೇ ಎನ್ನುತ್ತಾರೆ.

ಧಬ್-ಟಿಣ್. ಧಬ್-ಟಿಣ್.

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಿದೆ.

“ಅಮ್ಮಾ, ಇನ್ನೊಂದ್ಸಲ ಬಾರಿಸಿ.”

“ಯಾಕೆ, ನಿನಗೂ ಬೈಸ್ಕೋಬೇಕಾ?”

“ಬಾರಿಸಿ ಅಮ್ಮಾ, ದಮ್ಮಯ್ಯ.”

ಅವರು ಬಾರಿಸಿದರು. ಮುಥೆಯು ನನ್ನ ಮುಖ ನೋಡಿದಳು. ನಾನು ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ. ಇಂಜಿನ್, ಹಾರ್ನು, ಆಮೇಲೆ... ಅಂಗೈಯ ಧಬ್, ಅದರ ಬಾಲಕ್ಕೆ ಅಂಟಿಕೊಂಡ ಸಣ್ಣ ಟಿಣ್. ಅಂಗೈ ತಗಡಿಗೆ, ಉಂಗುರ ಅಂಚಿಗೆ. ಮ್ಬುಲಾ ಅವರ ಬೆರಳಿನ ತಾಮ್ರದ ಉಂಗುರ.

ಮುಥೆಯು ಎದ್ದು ನಿಂತಳು. ಅವಳ ಮುಖದ ಬಣ್ಣವೇ ಬದಲಾಗಿತ್ತು.

“ಮುಚ್ಚಳ,” ಎಂದಳು. “ದೇವರೇ. ಮುಚ್ಚಳ!”

“ಬಿಡಿಸಿ ಹೇಳು.”

“ಸರಿಯಾಗಿ ಓಡುತ್ತಾ ನೋಡೋಕೆ ಮೊದಲು ಮಾಡಿದ ಪರೀಕ್ಷೆಯ ಆಟ ಅಕ್ಕ. ಅಂಗಡಿಗೆ ಹಾಕೋಕೆ ಎಷ್ಟೋ ಮುಂಚೆ. ಆವತ್ತು ಗಾಡಿ ನಿಲ್ಲೋ ಸ್ಟೇಜ್‌ನಲ್ಲಿ ಇಂಜಿನ್ ಸಿಕ್ತು, ಹಾರ್ನ್ ಸಿಕ್ತು, ಆದರೆ ಪೆಟ್ಟಿನ ಸದ್ದು ಹಿಡಿಯೋ ಹೊತ್ತಿಗೆ ಒಬ್ಬ ಬೀದಿ ಪಾದ್ರಿ ಮೈಕ್ ಹಿಡ್ಕೊಂಡು ನರಕದ ಬಗ್ಗೆ ಶುರು ಮಾಡ್ದ. ಎಲ್ಲಾ ಹಾಳಾಯ್ತು. ಮನೆಗೆ ಬಂದು ಅಮ್ಮನ ಕೈಯಲ್ಲಿ ಈ ಮುಚ್ಚಳ ಬಾರಿಸಿ, ಅದನ್ನೇ ಇಂಜಿನ್ ಸದ್ದಿನ ಮೇಲೆ ಅಂಟಿಸಿದ್ವಿ. ಸದ್ಯಕ್ಕೆ ಇರ್ಲಿ ಅಂತ.”

“ಮತ್ತೆ ಅಂಗಡಿಗೆ ಹೋದ ಆಟದಲ್ಲಿ?”

“ಅದರಲ್ಲಿ ಮುಚ್ಚಳ ಇಲ್ಲ! ಶಿಕುಕು ಕೇಳಿ ಬಿದ್ದು ಬಿದ್ದು ನಕ್ಕ. ‘ಇದೇನು, ಗಾಡಿ ಓಡಿಸ್ತಿದೀರೋ ಉಗಾಲಿ ಮುದ್ದೆ ಕಲಸ್ತಿದೀರೋ’ ಅಂತ. ಆಮೇಲೆ ಅವನ ಕೈಯಲ್ಲೇ ನಿಜವಾದ ಗಾಡಿಗೆ ಹೊಡೆಸಿ ಬದಲಾಯಿಸಿದ್ವಿ.”

ಶಿಕುಕು ಕಂಡಕ್ಟರು. ಆಟದಲ್ಲಿ ಕೂಗುವ ಗಂಟಲು ಅವನದೇ. ಅಮ್ಮನ ಗಂಟಲು ಧೂಳಿಗೆ ಎಂದೋ ಒಡೆದುಹೋಗಿತ್ತು.

ನಾನು ಕುರ್ಚಿಯ ತುದಿಗೆ ಸರಿದೆ. ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಬೀದಿಯಲ್ಲಿ ನಿಂತು ಹಿಡಿದ ಸದ್ದಂತೆ! ಈ ಅಡುಗೆಮನೆಯ ಸದ್ದು! ಬೀದಿಯ ಇಂಜಿನ್ನೂ ಒಲೆಯ ಮೇಲಿನ ಮುಚ್ಚಳವೂ ಜೊತೆಯಾಗಿ ಕೇಳುವುದು ಈ ಭೂಮಿಯ ಮೇಲೆ ಒಂದೇ ಕಡೆ: ಮುಥೆಯುವಿನ ಪರೀಕ್ಷೆಯ ಆಟದಲ್ಲಿ.

“ಅಂದ್ರೆ ನನ್ನ ಕೈ ಕದ್ದಿದಾನೆ,” ಎಂದರು ಮ್ಬುಲಾ, ಉಂಗುರ ತಿರುಗಿಸುತ್ತ. ದನಿ ತಣ್ಣಗಿತ್ತು. “ಪೊಲೀಸರು ಗೆಣ್ಣಿಗೆ ಲಾಠಿ ಬೀಸಿದಾಗಲೂ ಬಾಗಿಲು ಬಿಡದೇ ಇದ್ದ ಕೈ ಇದು. ಇದನ್ನ ಕದ್ದು ತನ್ನದು ಅಂತಾನೆ.”

“ಆ ಪರೀಕ್ಷೆಯ ಆಟ ಯಾರ ಹತ್ರ ಇತ್ತು?” ಎಂದು ಕೇಳಿದೆ.

“ನನ್ನ ಹತ್ರ. ಸೌಂಡ್ ಮಾಡಿದ ಒಗುಟು ಹತ್ರ, ಪೂರ್ತಿ ಆಟನೇ ಅವನ ಡಿಸ್ಕಲ್ಲಿತ್ತು. ಶಿಕುಕು ಇಲ್ಲೇ ನನ್ನ ಫೋನಲ್ಲಿ ನೋಡಿದ್ದು, ಅವನಿಗೆ ಕೊಟ್ಟಿರ್ಲಿಲ್ಲ.”

“ಗಿಟೊಂಗಾಗೆ?”

ಗಿಟೊಂಗಾ ಆಟಗಳನ್ನು ಪ್ರಕಟಿಸುವ ಕಂಪನಿಯವನು. ‘ಬಾಡೋ ಮೋಜಾ’ವನ್ನು ತನಗೆ ಮಾರಿಬಿಡು ಎಂದು ಎರಡು ಸಲ ಬಂದು, ಎರಡು ಸಲವೂ ಮುಥೆಯುವಿನ ಬಾಯಲ್ಲಿ ಬೈಸಿಕೊಂಡು ಹೋಗಿದ್ದ.

“ಅವನಿಗೆ ಯಾಕೆ ಕೊಡ್ಲಿ? ಮುಚ್ಚಳ ಬಡಿಯೋ ಆಟ ತೋರಿಸೋಕೆ ನಾಚಿಕೆ ಆಗ್ತಿತ್ತು.”

“ಹಾಗಾದ್ರೆ ಒಗುಟು.”

ಮ್ಬುಲಾ ಒಲೆ ಆರಿಸಿದರು. ಮುಚ್ಚಳ ಒರೆಸಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

“ಅಮ್ಮಾ, ನೀನೆಲ್ಲಿಗೆ?”

“ಕೈ ನಂದು. ಮುಚ್ಚಳ ನಂದು. ನೀವಿಬ್ರು ಬೇಕಾದ್ರೆ ಜೊತೆಗೆ ಬನ್ನಿ.”

*

ಸ್ಟೇಜಿನಲ್ಲಿ ಶಿಕುಕು ನೇರಳೆ ಬಣ್ಣದ ಮಟಾಟುವಿನ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತಿದ್ದ.

“ಬಾಡೋ ಮೋಜಾ! ಒಂದೇ ಸೀಟು, ಡೊನ್ಹೋಮ್, ಒಂದೇ ಸೀಟು! ಅರೆ, ಮಹಾರಾಣಿ ಬಂದ್ರು! ಜಾಗ ಬಿಡ್ರೋ, ಈ ಲೈನಿನ ಅಜ್ಜಿ ಬಂದ್ರು!”

“ಅಜ್ಜಿ ನಿನ್ನಜ್ಜಿ,” ಎಂದರು ಮ್ಬುಲಾ. “ಒಂದೇ ಸೀಟು ಅಂತೀಯ, ಮೂರು ಜನ ಇದೀವಿ.”

“ನಿಮಗೆ ಇಲ್ದೇ ಇರೋ ಸೀಟಾ ಅಮ್ಮಾ?”

ಅವನು ಹುಬ್ಬು ಹಾರಿಸಿದ. ಹಿಂದಿನ ಸಾಲಿನಲ್ಲಿ ಗಂಭೀರವಾಗಿ ಕೂತಿದ್ದ ಮೂವರು ಎದ್ದು ಇಳಿದು, ಹಿಂದೆ ನಿಂತಿದ್ದ ಇನ್ನೊಂದು ಮಟಾಟುವಿಗೆ ಹೋಗಿ ಅಷ್ಟೇ ಗಂಭೀರವಾಗಿ ಕೂತರು.

“ಇವತ್ತೆಷ್ಟು ಜನ ಬಾಡಿಗೆ ಗೊಂಬೆ ಕೂರಿಸಿದೀಯೋ?”

“ಖಾಲಿ ಗಾಡಿಗೆ ಯಾರು ಹತ್ತುತ್ತಾರೆ ಅಮ್ಮಾ? ತುಂಬಿದ ಹಾಗೆ ಕಂಡ್ರೆ ತಾನೇ ಜನ ಓಡಿ ಬರೋದು? ಸೀಟು ಬಿಸಿ ಮಾಡಿಸೋದನ್ನ ನೀವೇ ತಾನೇ ಕಲಿಸಿದ್ದು!”

ಅವರು ಬಿಟ್ಟ ಸೀಟಿನಲ್ಲಿ ಕೂತೆ. ಸೀಟು ಇನ್ನೂ ಬೆಚ್ಚಗಿತ್ತು.

ಆಗ ನನಗೆ ಹೊಳೆಯಿತು. ಕಮಾಂಡೆಗೆ ವಿಳಾಸವಿಲ್ಲ, ಮುಖವಿಲ್ಲ, ಆಟವೂ ಬೇಡ. ಅವನು ಪ್ರಯಾಣಿಕನೇ ಅಲ್ಲ. ಸೀಟು ಬಿಸಿ ಮಾಡುವವನು. ಮುಥೆಯುವನ್ನು ಎಬ್ಬಿಸಿ, ಆ ಜಾಗದಲ್ಲಿ ಕೂತು, ನಿಜವಾಗಿ ಹತ್ತಬೇಕಾದವನು ಬರುವವರೆಗೆ ಕಾಯುತ್ತಿದ್ದಾನೆ. ಯಾರು ಬರುತ್ತಾರೆ?

ಗಾಡಿ ಹೊರಟಿತು. ಶಿಕುಕು ಬಾಗಿಲಿಂದ ಒಳಗೆ ತಲೆ ಹಾಕಿದ.

“ಎಲ್ಲಿಗೆ ಸವಾರಿ?”

“ಡೇರೆ ಚರ್ಚಿಗೆ,” ಎಂದಳು ಮುಥೆಯು. “ಒಗುಟು ನೋಡೋಕೆ.”

“ಓಹೋ! ಆ ಮುಚ್ಚಳದ ಇಂಜಿನಿಯರಾ? ಕೇಳಿ, ಕೇಳಿ, ಅವನನ್ನೇ ಕೇಳಿ. ಇಂಥದ್ದೆಲ್ಲ ಗೊತ್ತಿರೋದು ಅವನೊಬ್ನಿಗೇ.” ಆಮೇಲೆ ಮ್ಬುಲಾ ಕಡೆ ಬಾಗಿದ. “ಬೇಜಾರ್ ಮಾಡ್ಕೋಬೇಡಿ ಅಮ್ಮಾ. ನಮ್ಮ ಆಟ ವಾಪಸ್ ಬರುತ್ತೆ. ನನ್ನ ಗಂಟಲು ಇರೋ ಆಟ ಅದು, ಹಾಗೆಲ್ಲ ಸಾಯಲ್ಲ. ಮೊನ್ನೆ ಮೊನ್ನೆವರೆಗೂ ಸ್ಕೂಲ್ ಮಕ್ಕಳು ನನ್ನ ಕಂಡ್ರೆ ಕೂಗೋರು. ಈಗ ಒಬ್ರೂ ತಿರುಗಿ ನೋಡಲ್ಲ.”

ನಗುತ್ತಲೇ ಹೇಳಿದ. ಕೊನೆಯ ಮಾತಿಗೆ ನಗು ಸ್ವಲ್ಪ ತಡವಾಗಿ ಬಂತು.

ಇಳಿಯುವಾಗ ಅವನು ಚಿಲ್ಲರೆ ತೆಗೆದುಕೊಳ್ಳಲಿಲ್ಲ. “ಒಂದು ಟ್ರಿಪ್ ಹೊಡ್ಕೊಂಡು ಬರ್ತೀನಿ. ಇಲ್ಲೇ ನಿಲ್ಲಿಸಿ ಕೂಗ್ತೀನಿ, ಬನ್ನಿ,” ಎಂದ.

*

ಡೇರೆಯೊಳಗೆ ಭಾನುವಾರದ ಪ್ರಾರ್ಥನೆಗೆ ಹೆಂಗಸರು ಕುರ್ಚಿಗಳಿಗೆ ರಿಬ್ಬನ್ ಕಟ್ಟುತ್ತಿದ್ದರು. ವೇದಿಕೆಯ ಎರಡೂ ಕಡೆ ಆಳೆತ್ತರದ ಸ್ಪೀಕರುಗಳು. ನಡುವೆ, ಗುಂಡಿಗಳು ತುಂಬಿದ ಮೇಜಿನ ಹಿಂದೆ ಒಗುಟು ತಂತಿ ಸುತ್ತುತ್ತಿದ್ದ. ಎತ್ತರದ ಆಳು, ಬಾಗಿದ ಬೆನ್ನು. ಮುಥೆಯುವನ್ನು ಕಂಡವನೇ ತಂತಿ ಕೆಳಗಿಟ್ಟ.

“ಓ, ಮೇಡಮ್ಮೋರು. ದಾರಿ ತಪ್ತಾ?”

“ಒಂದು ಸದ್ದು ಕೇಳಿಸ್ಬೇಕು.”

“ನಾನು ಈಗ ದೇವರ ಸದ್ದು ಮಾತ್ರ ಮಾಡೋದು.”

“ಕೇಳೋ!”

ಅವಳು ತನ್ನ ಫೋನಿಗೆ ಅವನ ತಂತಿ ಚುಚ್ಚಿ ಕಮಾಂಡೆಯ ಸಾಕ್ಷಿಯನ್ನು ಹಾಕಿದಳು. ಇಂಜಿನ್ನು ಡೇರೆಯ ತುಂಬ ಗುಡುಗಿತು. ರಿಬ್ಬನ್ ಕಟ್ಟುತ್ತಿದ್ದ ಹೆಂಗಸರು ಬೆಚ್ಚಿ ತಿರುಗಿದರು. ಹಾರ್ನು. ಆಮೇಲೆ ಧಬ್-ಟಿಣ್, ಧಬ್-ಟಿಣ್.

ಒಗುಟು ಮುಖದಲ್ಲಿ ಏನೂ ಕದಲಲಿಲ್ಲ. “ಮಟಾಟು. ಆಮೇಲೆ?”

ಮ್ಬುಲಾ ಚೀಲದಿಂದ ಮುಚ್ಚಳ ತೆಗೆದರು. ಯಾರನ್ನೂ ಕೇಳದೆ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು ಕೈ ಎತ್ತಿದರು.

ಧಬ್-ಟಿಣ್. ಧಬ್-ಟಿಣ್.

ಡೇರೆಯ ಬಟ್ಟೆ ಅದುರಿತು. ಒಗುಟು ಕಣ್ಣು ಮುಚ್ಚಿಕೊಂಡಿದ್ದ. ಕಿವಿಯಿಂದಲೇ ಅನ್ನ ತಿನ್ನುವವನಿಗೆ ಇನ್ನೊಂದು ಸಾಕ್ಷಿ ಬೇಕಿರಲಿಲ್ಲ.

“ಅದು ಯಾರ ಕೈಯಪ್ಪಾ?” ಎಂದು ಮ್ಬುಲಾ ಮೈಕಿನಲ್ಲೇ ಕೇಳಿದರು.

“ನಿಮ್ಮದು ಅಮ್ಮಾ.”

“ನನ್ನ ಮನೇಲಿ ಕೂತು ನನ್ನ ಅನ್ನ ತಿಂದು ಹಿಡ್ಕೊಂಡ ಸದ್ದು. ಅದು ಕಮಾಂಡೆ ಹತ್ರ ಹೇಗೆ ಹೋಯ್ತು?”

“ಕಮಾಂಡೆ ಯಾರು ಅಂತಲೇ ನನಗೆ ಗೊತ್ತಿಲ್ಲ.”

ಮುಥೆಯು ಮೇಜನ್ನು ಗುದ್ದಿದಳು. “ಸುಳ್ಳು! ನನ್ನ ಹತ್ರ ಬಿಟ್ರೆ ನಿನ್ನ ಡಿಸ್ಕಲ್ಲಿ ಮಾತ್ರ ಇತ್ತು ಅದು! ಯಾರಿಗೆ ಕೊಟ್ಟೆ? ಹೇಳೋ! ನಾಲ್ಕು ವರ್ಷ ಕಣೋ! ನಿನ್ನನ್ನ ಅಣ್ಣ ಅಂದ್ಕೊಂಡಿದ್ದೆ!”

“ಅಣ್ಣ!” ಒಗುಟು ಎದ್ದ. ಅವನ ಬಾಗಿದ ಬೆನ್ನು ನೆಟ್ಟಗಾಯಿತು. “ಅಣ್ಣನ ಹೆಸರು ಎಲ್ಲಿ ಹಾಕಿದ್ದೆ? ಆಟ ಮುಗಿದ ಮೇಲೆ ಹೆಸರುಗಳು ಬರುತ್ತಲ್ಲ, ನೋಡ್ದೆ ನಾನು. ನಿನ್ನ ಮನೆ ಫ್ಯೂಸ್ ರಿಪೇರಿ ಮಾಡಿದ ನ್ಜುಗುನಾ ಇದಾನಲ್ಲ, ಅವನ ಹೆಸರಿನ ಕೆಳಗೆ! ಕರೆಂಟ್ ರಿಪೇರಿಯವನ ಕೆಳಗೆ! ಮಳೆ, ಇಂಜಿನ್, ಹಾರ್ನ್, ಬೀದಿ, ನಿನ್ನ ಆಟ ಬಾಯಿ ಬಿಟ್ರೆ ಬರೋ ಒಂದೊಂದು ಸದ್ದೂ ನಂದು! ಕಣ್ಣು ಮುಚ್ಚಿ ಆಡಿದ್ರೆ ಆ ಆಟ ನಾನೇ!”

“ಅದು ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಹಾಕಿದ್ದು ಕಣೋ ಕತ್ತೆ!”

ರಿಬ್ಬನ್ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಒಗುಟುವಿನ ತುಟಿ ಅಲುಗಾಡುವುದು ಕಂಡಿತು, ಅಕ್ಷರಮಾಲೆ ಹೇಳಿಕೊಳ್ಳುತ್ತಿದ್ದ. ಆಮೇಲೆ ಮೆಲ್ಲನೆ ಕೂತ.

ನನಗೆ ನಗು ಬರಲಿಲ್ಲ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದು ಮುರಿಯಿತಲ್ಲ ಎಂದು ಮೈ ಉರಿಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ, ಅಂಗಡಿಯವರಂತೂ ಇಬ್ಬರನ್ನೂ ಕೇಳಲಿಲ್ಲ.

“ಯಾರಿಗೆ ಕೊಟ್ರಿ ಒಗುಟು?” ಎಂದು ಕೇಳಿದೆ. “ನಾಳೆ ಸಂಜೆಗೆ ಎಲ್ಲಾ ಮುಗಿದುಹೋಗುತ್ತೆ.”

“ಗಿಟೊಂಗಾಗೆ.” ಅವನು ನೆಲ ನೋಡುತ್ತಿದ್ದ. “ಊಟಕ್ಕೆ ಕರೆದಿದ್ದ. ಸುಟ್ಟ ಮಾಂಸ, ತಣ್ಣನೆ ಬಿಯರು. ನನಗೊಬ್ಬ ಒಳ್ಳೆ ಸೌಂಡಿನವನು ಬೇಕು, ನಿಮ್ಮ ಹಳೇ ಕೆಲಸ ಎಲ್ಲಾ ತಂದು ತೋರಿಸಿ ಅಂದ. ಡಿಸ್ಕ್ ಕೊಟ್ಟೆ. ಒಂದು ವಾರ ಇಟ್ಕೊಂಡು ವಾಪಸ್ ಕೊಟ್ಟ. ಕೆಲಸ ಕೊಡ್ಲಿಲ್ಲ. ಸತ್ಯವಾಗ್ಲೂ ಅಮ್ಮಾ, ಕೆಲಸಕ್ಕೋಸ್ಕರ ಕೊಟ್ಟಿದ್ದು. ದೂರು ಗೀರು ನನಗೆ ಗೊತ್ತಿಲ್ಲ.”

“ಇದನ್ನೇ ಬರೆದು ಸಹಿ ಹಾಕ್ತೀರಾ? ಮುಚ್ಚಳದ ಸದ್ದು ನೀವೇ ಹಿಡಿದದ್ದು ಅಂತ?”

“ಹಾಕ್ತೀನಿ. ಈಗಲೇ ಹಾಕ್ತೀನಿ.”

ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಮುಚ್ಚಳ ಕೈಲಿದೆ, ಕೈ ಕಣ್ಣೆದುರಿಗಿದೆ, ಹಿಡಿದವನ ಮಾತು ಸಿಕ್ಕಿದೆ. ನಾಳೆ ಸಂಜೆ ಏಕೆ, ಇವತ್ತೇ ಕಳಿಸಬಹುದು. ಮುಥೆಯು ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ತಲೆ ಹಿಡಿದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಭುಜ ಇಳಿದದ್ದನ್ನು ಕಂಡೆ.

ಆಗ ಅವಳ ಫೋನು ಸ್ಪೀಕರಿನಲ್ಲಿ ‘ಟಿಂಗ್’ ಎಂದಿತು. ತಂತಿ ಇನ್ನೂ ಚುಚ್ಚಿಕೊಂಡೇ ಇತ್ತು.

“ಚಿಕ್ಕಮ್ಮನ ಮಗಳು,” ಎಂದು ಓದಿದಳು. “‘ಅಭಿನಂದನೆಗಳು ಅಕ್ಕಾ! ಕೊನೆಗೂ ವಾಪಸ್ ಬಂತಲ್ಲ! ಈಗ ತಾನೇ ಇಳಿಸ್ಕೊಂಡೆ.’ ಏನು ವಾಪಸ್ ಬಂತು?”

ನಾನು, ಮುಥೆಯು, ಒಗುಟು ಮೂವರೂ ಫೋನಿನ ಮೇಲೆ ಬಾಗಿದೆವು.

ಅಂಗಡಿಯ ಕಪಾಟಿನಲ್ಲಿ, ಅದೇ ಜಾಗದಲ್ಲಿ, ಹಸಿರು ತಲೆವಸ್ತ್ರದ ಅದೇ ಕಂಡಕ್ಟರಮ್ಮ ನಗುತ್ತಿದ್ದಳು. ಹೆಸರು ಮಾತ್ರ ಒಂದು ಪದ ಉದ್ದವಾಗಿತ್ತು: ‘ಬಾಡೋ ಮೋಜಾ ಅಸಲಿ’.

“ಅಸಲಿ,” ಎಂದಳು ಮುಥೆಯು. ಅವಳ ದನಿ ನೆಲಕ್ಕಿಳಿದಿತ್ತು. “ಅಂದ್ರೆ ನಂದು ನಕಲಿ.”

ಅವಳು ಇಳಿಸಿಕೊಂಡಳು. ಗುಂಡಿ ಒತ್ತಿದಳು. ಆಳೆತ್ತರದ ಸ್ಪೀಕರುಗಳಿಂದ ಇಂಜಿನ್ ಗುರುಗುಟ್ಟಿತು. ಹಾರ್ನು. ಧಬ್-ಟಿಣ್. ಧಬ್-ಟಿಣ್.

ಪರೀಕ್ಷೆಯ ಆಟ. ಮುಚ್ಚಳವನ್ನೂ ಬದಲಿಸದೆ ಹಾಗೆಯೇ ಏರಿಸಿದ್ದರು. ಸೀಟು ಬಿಸಿ ಮಾಡಿದವನು ಎದ್ದು ಹೋಗಿದ್ದ. ನಿಜವಾದ ಪ್ರಯಾಣಿಕ ಬಂದು ಕೂತಿದ್ದ.

“ಗಿಟೊಂಗಾ,” ಎಂದ ಒಗುಟು, ಮುಷ್ಟಿ ಬಿಗಿದು. “ನನ್ನ ಡಿಸ್ಕಿಂದಲೇ ಎತ್ತಿದಾನೆ. ಸಾಯಿಸ್ಬಿಡ್ತೀನಿ ಅವನನ್ನ.”

“ಇರಿ,” ಎಂದೆ. “ಮಾಡಿದವರ ಹೆಸರು ಕೆಳಗಿರುತ್ತಲ್ಲ. ಕೆಳಗೆ ಸರಿಸು.”

ಮುಥೆಯು ಬೆರಳಿಂದ ಸರಿಸಿದಳು. ನಿಂತಳು. ಫೋನನ್ನು ತಾಯಿಯ ಕಡೆ ತಿರುಗಿಸಿದಳು.

ಅಲ್ಲಿ ಗಿಟೊಂಗಾನ ಹೆಸರಿರಲಿಲ್ಲ. ‘ಆಟದ ಒಡೆಯ ಮತ್ತು ಧ್ವನಿ: ಶಿಕುಕು’ ಎಂದಿತ್ತು.

ನನ್ನ ಕಿವಿಯಲ್ಲಿ ಮಟಾಟುವಿನ ಗಾಳಿ ಬೀಸಿತು. ‘ಆ ಮುಚ್ಚಳದ ಇಂಜಿನಿಯರಾ? ಅವನನ್ನೇ ಕೇಳಿ.’ ಅವನು ಹಾಗೆಂದಾಗ ಮುಚ್ಚಳ ಮ್ಬುಲಾ ಅವರ ಚೀಲದೊಳಗೆ, ಬಟ್ಟೆಯೊಳಗೆ ಇತ್ತು. ಇವತ್ತು ಅವನ ಮುಂದೆ ನಾವ್ಯಾರೂ ಮುಚ್ಚಳದ ಸೊಲ್ಲೆತ್ತಿರಲಿಲ್ಲ. ವರ್ಷಗಳ ಹಿಂದೆ ಬಿಟ್ಟುಹೋದ ಸದ್ದು ಇವತ್ತು ಅವನ ನಾಲಗೆಯ ತುದಿಗೆ ಬಂದದ್ದು ಹೇಗೆ? ಯಾರಾದರೂ ಅವನ ಹೆಸರನ್ನು ಕೂರಿಸಿದ್ದರೇ, ಅಥವಾ ಅವನೇ ಬಂದು ಕೂತಿದ್ದನೇ? ವಾಪಸ್ ಬರುತ್ತೆ ಎಂದಿದ್ದ. ‘ನಮ್ಮ ಆಟ’ ಎಂದಿದ್ದ.

ಮ್ಬುಲಾ ಮುಚ್ಚಳವನ್ನು ಎದೆಗೆ ಅವುಚಿಕೊಂಡರು. “ಅವನನ್ನ ಬಾಗಿಲಲ್ಲಿ ನಿಲ್ಲೋಕೆ ಕಲಿಸಿದ್ದು ನಾನು,” ಎಂದರು. ಅಷ್ಟೇ.

ಹೊರಗೆ ಮಟಾಟುವಿನ ಹಾರ್ನು ಕೇಳಿತು. ಅದೇ ಹಾರ್ನು ಒಳಗೆ ಸ್ಪೀಕರಿನಲ್ಲೂ ಕೇಳಿತು. ಡೇರೆಯ ಬಾಗಿಲಾಚೆಯಿಂದ ಶಿಕುಕು ಕೊರಳೆತ್ತಿ ಕೂಗಿದ. ಅದೇ ಕೊರಳು ಡೇರೆಯೊಳಗೆ, ನಮ್ಮ ತಲೆಯ ಮೇಲೆ, ಹತ್ತು ಪಟ್ಟು ದೊಡ್ಡದಾಗಿ ಕೂಗಿತು:

“ಬಾಡೋ ಮೋಜಾ! ಒಂದೇ ಸೀಟು! ಬನ್ನಿ ಅಮ್ಮಾ, ಒಂದೇ ಸೀಟು!”

ಮ್ಬುಲಾ ತಲೆವಸ್ತ್ರ ಬಿಗಿದುಕೊಂಡು ಬಾಗಿಲ ಕಡೆ ನಡೆದರು.